ಚಳಿಗಾಲದ ಬಿಲ್ಲು: ಬ್ರಿಟನ್ನಿನ ಹೀಟ್ ಪಂಪ್ ಎಲ್ಲಿ ಎಡವಿತು?

ಬ್ರಿಟನ್ನಿನ ಮನೆಗಳಲ್ಲಿ ಬಾಯ್ಲರ್ ಕೈಕೊಡುವುದು ಹೆಚ್ಚಾಗಿ ಚಳಿಗಾಲದಲ್ಲೇ. ಅದು ಬಿಡುವಿಲ್ಲದೆ ಉರಿಯಬೇಕಾದ ಕಾಲ. ಹಳೆಯ ಯಂತ್ರ ಸೋಲುವುದೂ ಆಗಲೇ. ನಮ್ಮಲ್ಲಿ ಗೀಸರ್ ಕೆಟ್ಟರೆ ಒಲೆಯ ಮೇಲೆ ನೀರು ಕಾಯಿಸಿಕೊಂಡು ನಾಲ್ಕು ದಿನ ದೂಡಬಹುದು. ಅಲ್ಲಿ ಬಾಯ್ಲರಿಗೆ ಸ್ನಾನದ ನೀರು ಕಾಯಿಸುವುದು ಸಣ್ಣ ಕೆಲಸ, ಇಡೀ ಮನೆಯನ್ನು ಬೆಚ್ಚಗಿಡುವುದು ದೊಡ್ಡ ಕೆಲಸ. ಗೋಡೆಗೆ ತೂಗುಹಾಕಿದ ಆ ಪೆಟ್ಟಿಗೆಯಲ್ಲಿ ಗ್ಯಾಸ್ ಉರಿದು ನೀರು ಕಾಯುತ್ತದೆ. ಕಾದ ನೀರು ಕೊಳವೆಗಳಲ್ಲಿ ಹರಿದು ಒಂದೊಂದು ಕೋಣೆಯ ರೇಡಿಯೇಟರನ್ನೂ ಬಿಸಿಮಾಡಿ ಮರಳುತ್ತದೆ. ಅದು ನಿಂತ ದಿನ ಮನೆಯಲ್ಲಿ ಮಗುವೋ ಮುದುಕರೋ ಇದ್ದರೆ ಮನೆಯವರಿಗೆ ಯೋಚಿಸಲು ಒಂದೆರಡು ದಿನವೂ ಸಿಗುವುದಿಲ್ಲ. ಪರಿಚಯದ ಕೆಲಸಗಾರನನ್ನು ಕರೆಸಿ, ಅದೇ ಜಾಗಕ್ಕೆ ಅಂಥದೇ ಇನ್ನೊಂದು ಗ್ಯಾಸ್ ಬಾಯ್ಲರ್ ಹಾಕಿಸಿ ನಿಟ್ಟುಸಿರು ಬಿಡುತ್ತಾರೆ. ಹಾಗೆ ಹಾಕಿಸಿದ್ದು ಮುಂದಿನ ಹತ್ತು–ಹದಿನೈದು ವರ್ಷ ಉರಿಯುತ್ತದೆ. ಸುಮಾರು 2.8 ಕೋಟಿ ಮನೆಗಳಿರುವ ಆ ದೇಶದಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮನೆಗಳು ಗ್ಯಾಸನ್ನೇ ನಂಬಿವೆ. 2050ರ ಹೊತ್ತಿಗೆ ಇಂಗಾಲದ ನಿವ್ವಳ ಹೊರಸೂಸುವಿಕೆಯನ್ನು ಸೊನ್ನೆಗೆ ಇಳಿಸುತ್ತೇವೆಂದು ಬ್ರಿಟನ್ 2019ರಲ್ಲಿ ಕಾನೂನನ್ನೇ ಮಾಡಿತು. ಆ ಮಾತು ಉಳಿಯಬೇಕಾದರೆ ಈ ಉರಿಗಳೆಲ್ಲ ಆರಬೇಕು. ಅವುಗಳ ಜಾಗಕ್ಕೆ ಬರಬೇಕಾದದ್ದು ವಿದ್ಯುತ್ತಿನಿಂದ ನಡೆಯುವ ಹೀಟ್ ಪಂಪ್. ಅದನ್ನು ತರಲು ಸರ್ಕಾರಗಳು ಸಹಾಯಧನ ಕೊಟ್ಟವು, ಗಡುವು ವಿಧಿಸಿದವು, ಗಡುವನ್ನು ಹಿಂದಕ್ಕೂ ತೆಗೆದುಕೊಂಡವು. ಇಷ್ಟಾದರೂ ಬದಲಾವಣೆ ಆಮೆಯ ನಡಿಗೆಯಲ್ಲೇ ಇರುವುದಕ್ಕೆ ಮುಖ್ಯ ಕಾರಣ ಯಂತ್ರದಲ್ಲೂ ಇಲ್ಲ, ಅಲ್ಲಿನ ಹವೆಯಲ್ಲೂ ಇಲ್ಲ, ಜನರ ಹಟದಲ್ಲೂ ಇಲ್ಲ. ಒಂದು ಯೂನಿಟ್ ವಿದ್ಯುತ್ತಿಗೂ ಅಷ್ಟೇ ಶಕ್ತಿಯ ಒಂದು ಯೂನಿಟ್ ಗ್ಯಾಸಿಗೂ ನಡುವೆ ಸರ್ಕಾರವೇ ಕಣ್ಣೆದುರು ಬೆಳೆಯಲು ಬಿಟ್ಟ ಬೆಲೆಯ ಅಂತರದಲ್ಲಿ ಇದೆ ಎಂಬುದು ನನ್ನ ವಾದ.

ಯಂತ್ರದ ಮೇಲೆ ಅನುಮಾನ ಇರುವವರು ಅಡುಗೆಮನೆಯ ಫ್ರಿಜ್ಜಿನ ಹಿಂಬದಿಗೆ ಕೈಯಿಟ್ಟು ನೋಡಬಹುದು. ಒಳಗಿನ ಶಾಖವನ್ನು ಹೀರಿ ಹಿಂದೆ ಬಿಡುವುದರಿಂದಲೇ ಫ್ರಿಜ್ಜಿನ ಒಳಗೆ ತಂಪು, ಹಿಂದೆ ಬಿಸಿ. ಹೀಟ್ ಪಂಪ್ ಇದೇ ಕೆಲಸವನ್ನು ತಿರುಗಿಸಿ ಮಾಡುತ್ತದೆ: ಮನೆಯ ಹೊರಗಿನ ಗಾಳಿಯಿಂದಲೋ ನೆಲದಿಂದಲೋ ಶಾಖವನ್ನು ಎತ್ತಿ ಒಳಗೆ ತರುತ್ತದೆ. ಕೊರೆಯುವ ಗಾಳಿಯಲ್ಲಿ ಶಾಖ ಎಲ್ಲಿಂದ ಬಂತು ಎಂದು ಕೇಳುವುದು ಸಹಜ. ಸೊನ್ನೆ ಡಿಗ್ರಿಯ ಗಾಳಿ ನಮ್ಮ ಮೈಗೆ ಚಳಿಯೇ ಹೊರತು ಅದರಲ್ಲಿ ಶಾಖ ಇಲ್ಲವೆಂದಲ್ಲ. ಅದಕ್ಕಿಂತ ಇನ್ನೂ ತಂಪಾದ ದ್ರವವೊಂದನ್ನು ಕೊಳವೆಯಲ್ಲಿ ಹರಿಸಿದರೆ ಆ ಗಾಳಿಯಿಂದಲೂ ಶಾಖ ಹೀರಿಕೊಂಡು ಅದು ಆವಿಯಾಗುತ್ತದೆ. ಆವಿಯನ್ನು ಒತ್ತಿ ಹಿಸುಕಿದರೆ ಅದರ ಉಷ್ಣತೆ ಏರುತ್ತದೆ. ಆ ಬಿಸಿಯನ್ನು ನೀರಿಗೆ ದಾಟಿಸಿದರೆ ರೇಡಿಯೇಟರ್ ಬೆಚ್ಚಗಾಯಿತು. ವಿದ್ಯುತ್ ಖರ್ಚಾಗುವುದು ಮುಖ್ಯವಾಗಿ ಹಿಸುಕುವುದಕ್ಕೆ. ಆದ್ದರಿಂದಲೇ ಒಂದು ಯೂನಿಟ್ ವಿದ್ಯುತ್ತಿಗೆ ಎರಡೂವರೆ, ಮೂರು, ಕೆಲವೆಡೆ ನಾಲ್ಕು ಯೂನಿಟ್ ಶಾಖ ದಕ್ಕುತ್ತದೆ. ಇದು ನಿನ್ನೆ ಮೊನ್ನೆಯ ಸಂಶೋಧನೆಯೂ ಅಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ 1852ರಲ್ಲೇ ಈ ತತ್ತ್ವವನ್ನು ಬರೆದಿಟ್ಟಿದ್ದರು. ಜ್ಯೂರಿಕ್ ನಗರದ ಪುರಭವನ 1938ರಿಂದ ಪಕ್ಕದ ಲಿಮ್ಮಾಟ್ ನದಿಯ ಶಾಖದಿಂದ ಬೆಚ್ಚಗಾಯಿತು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಇಂಗ್ಲೆಂಡಿನ ನಾರಿಚ್ ಪಟ್ಟಣದಲ್ಲಿ ಜಾನ್ ಸಮ್ನರ್ ಎಂಬ ಎಂಜಿನಿಯರ್ ಅಲ್ಲಿನ ನದಿಯಿಂದ ಶಾಖ ಎತ್ತುವ ಪಂಪನ್ನು ನಡೆಸಿ ತೋರಿಸಿದರು. ತತ್ತ್ವ ಹುಟ್ಟಿದ ನಾಡೇ ಅದನ್ನು ಬಳಸುವುದರಲ್ಲಿ ಯುರೋಪಿನ ಕೊನೆಯ ಸಾಲಿನಲ್ಲಿ ಕುಳಿತಿರುವುದು ನೋವಿನ ಸಂಗತಿ.

ಹಳೆಯ ಮನೆಗಳಿಗೆ, ಚಳಿ ದೇಶಕ್ಕೆ ಇದು ಒಗ್ಗುವುದಿಲ್ಲ ಎಂಬ ಮಾತು ಬ್ರಿಟಿಷ್ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಚಳಿಯ ಪ್ರಶ್ನೆಗೆ ಉತ್ತರ ಭೂಪಟದಲ್ಲೇ ಇದೆ. ಯುರೋಪಿನಲ್ಲಿ ಹೀಟ್ ಪಂಪ್ ಅತಿ ಹೆಚ್ಚು ಹರಡಿರುವುದು ನಾರ್ವೆ, ಸ್ವೀಡನ್, ಫಿನ್‌ಲ್ಯಾಂಡ್‌ಗಳಲ್ಲಿ. ಲಂಡನ್ನಿನ ಚಳಿಯನ್ನು ಚಳಿಯೆಂದೇ ಕರೆಯದ ನಾಡುಗಳವು. ಹಳೆಯ ಮನೆಯ ಪ್ರಶ್ನೆ ಇದಕ್ಕಿಂತ ಗಟ್ಟಿಯಾದದ್ದು. ವಿಕ್ಟೋರಿಯಾ ರಾಣಿಯ ಕಾಲದ ಇಟ್ಟಿಗೆಯ ಸಾಲುಮನೆಗಳು ಶಾಖವನ್ನು ಹಿಡಿದಿಡುವುದಿಲ್ಲ. ಗ್ಯಾಸ್ ಬಾಯ್ಲರ್ ಎಪ್ಪತ್ತು ಡಿಗ್ರಿಯ ನೀರನ್ನು ದೂಡಿ ಆ ಸೋರಿಕೆಯನ್ನು ಮುಚ್ಚಿಹಾಕುತ್ತದೆ. ಹೀಟ್ ಪಂಪ್ ಚೆನ್ನಾಗಿ ದುಡಿಯುವುದು ನಲವತ್ತು–ಐವತ್ತು ಡಿಗ್ರಿಯಲ್ಲಿ, ಅದಕ್ಕೆ ಕೆಲವು ಕೋಣೆಗಳಿಗಾದರೂ ದೊಡ್ಡ ರೇಡಿಯೇಟರ್ ಬೇಕು. ಈ ಅನುಮಾನವನ್ನು ತೀರಿಸಿಕೊಳ್ಳಲೆಂದೇ ಸರ್ಕಾರದ ಹಣದಲ್ಲಿ 742 ಮನೆಗಳಲ್ಲಿ ಪಂಪ್ ಹಾಕಿಸಿ ಅಳೆದು ನೋಡಿದರು. ವಿಕ್ಟೋರಿಯನ್ ಸಾಲುಮನೆ, ಅರವತ್ತರ ದಶಕದ ಫ್ಲ್ಯಾಟು, ಹೊಸ ಬಿಡಿಮನೆ ಎಲ್ಲವೂ ಅದರಲ್ಲಿದ್ದವು. ಇಂಥ ಬಗೆಯ ಮನೆಗೆ ಆಗುವುದೇ ಇಲ್ಲ ಎಂದು ಹೇಳಬಹುದಾದ ಒಂದು ಬಗೆಯೂ ಸಿಗಲಿಲ್ಲ. ಗಾಳಿಯಿಂದ ಶಾಖ ಎತ್ತುವ ಪಂಪುಗಳ ಇಡೀ ವರ್ಷದ ದಕ್ಷತೆಯ ಮಧ್ಯಾಂಕ ಸುಮಾರು 2.8 ಎಂದು ಬಂತು. ಆ ಅಂಕಿಯನ್ನು ನೆನಪಿಡಬೇಕು, ಮುಂದಿನ ಕತೆಯೆಲ್ಲ ಅದರ ಮೇಲೆಯೇ ನಿಂತಿದೆ.

ಈಗ ಬಿಲ್ಲು ಬಿಚ್ಚೋಣ. 2025ರ ಜುಲೈನಿಂದ ಸೆಪ್ಟೆಂಬರ್‌ವರೆಗೆ ಬ್ರಿಟನ್ನಿನ ಇಂಧನ ನಿಯಂತ್ರಕ ಸಂಸ್ಥೆ ಆಫ್‌ಜೆಮ್ ಕಟ್ಟಿದ ಗರಿಷ್ಠ ದರದ ಸರಾಸರಿಯಲ್ಲಿ ವಿದ್ಯುತ್ ಯೂನಿಟ್ಟಿಗೆ 25.73 ಪೆನ್ಸ್, ಗ್ಯಾಸ್ ಯೂನಿಟ್ಟಿಗೆ 6.33 ಪೆನ್ಸ್. ನಾಲ್ಕು ಪಟ್ಟು ಅಂತರ. ಒಂದು ಸಾಧಾರಣ ಮನೆ ವರ್ಷಕ್ಕೆ 11,500 ಯೂನಿಟ್ ಗ್ಯಾಸ್ ಉರಿಸುತ್ತದೆ ಎಂದುಕೊಂಡರೆ ಖರ್ಚು ಸುಮಾರು 728 ಪೌಂಡ್. ಬಾಯ್ಲರಿನ ದಕ್ಷತೆ ನೂರಕ್ಕೆ ತೊಂಬತ್ತು ಎಂದಿಟ್ಟುಕೊಂಡರೆ ಮನೆಗೆ ದಕ್ಕಿದ ಶಾಖ 10,350 ಯೂನಿಟ್. ಅಷ್ಟೇ ಶಾಖವನ್ನು 2.8 ದಕ್ಷತೆಯ ಪಂಪಿನಿಂದ ಪಡೆಯಲು ಸುಮಾರು 3,700 ಯೂನಿಟ್ ವಿದ್ಯುತ್ ಸಾಕು. ಆದರೆ ಅದಕ್ಕೆ ತೆರಬೇಕಾದದ್ದು ಸುಮಾರು 950 ಪೌಂಡ್. ಗ್ಯಾಸ್ ಸಂಪರ್ಕವನ್ನೇ ಕಿತ್ತುಹಾಕಿಸಿದರೆ ದಿನಕ್ಕೆ 30 ಪೆನ್ಸಿನ ಸ್ಥಿರ ಶುಲ್ಕ ಉಳಿಯುತ್ತದೆ ನಿಜ. ಅದನ್ನು ಕಳೆದರೂ ವರ್ಷಕ್ಕೆ ನೂರು ಪೌಂಡಿಗೂ ಹೆಚ್ಚು ಹೊರೆ ಉಳಿಯಿತು. ಮೂರನೇ ಒಂದು ಭಾಗದಷ್ಟೇ ಶಕ್ತಿ ಬಳಸುವ ಯಂತ್ರ ಮನೆಯವರ ಕಿಸೆಯಿಂದ ಹೆಚ್ಚು ಹಣ ಕೀಳುತ್ತದೆ ಎಂದರೆ ದೋಷ ಯಂತ್ರದ್ದಾಗಲು ಸಾಧ್ಯವಿಲ್ಲ. ನುರಿತ ಕೈಯಿಂದ ಹಾಕಿಸಿ ದಕ್ಷತೆಯನ್ನು ನಾಲ್ಕರ ಹತ್ತಿರ ಒಯ್ದವರು, ರಾತ್ರಿಯ ಅಗ್ಗದ ದರವನ್ನು ಲೆಕ್ಕಹಾಕಿ ಬಳಸುವವರು ಉಳಿತಾಯ ಮಾಡುತ್ತಾರೆ. ಅಂಥವರ ಕತೆಗಳು ನಿಜವೇ. ಆದರೆ ಕೋಟಿಗಟ್ಟಲೆ ಮನೆಗಳ ನೀತಿಯನ್ನು ಜಾಣ ಗ್ರಾಹಕರ ಮೇಲೆ ಕಟ್ಟಲಾಗದು. ಸರಾಸರಿ ಮನೆಗೆ, ಸರಾಸರಿ ಕೆಲಸಗಾರ ಹಾಕಿದ ಪಂಪು ಹಣ ಉಳಿಸಬೇಕು. ಅದಕ್ಕೆ ವಿದ್ಯುತ್ತಿನ ದರ ಗ್ಯಾಸಿನ ಮೂರು ಪಟ್ಟಿನ ಆಸುಪಾಸಿಗೆ ಇಳಿದರೆ ಸಾಕು. ದೂರವೇನೂ ಇಲ್ಲ.

ಈ ಅಂತರ ದೈವದತ್ತವಲ್ಲ. ಅದರ ಒಂದು ಪಾಲು ವಿದ್ಯುತ್ ಮಾರುಕಟ್ಟೆಯ ರಚನೆಯಿಂದ ಬಂದದ್ದು: ಬೇಡಿಕೆ ತುಂಬಿಸಲು ಕಟ್ಟಕಡೆಗೆ ಹಚ್ಚಬೇಕಾದ ಸ್ಥಾವರದ ಬೆಲೆಯೇ ಎಲ್ಲರ ಬೆಲೆಯಾಗುತ್ತದೆ, ಆ ಕಡೆಯ ಸ್ಥಾವರ ಬಹಳ ಹೊತ್ತು ಗ್ಯಾಸಿನದೇ ಆಗಿರುತ್ತದೆ. ಇನ್ನೊಂದು ಪಾಲನ್ನು ಸರ್ಕಾರ ತನ್ನ ಕೈಯಾರೆ ಹೇರಿದೆ. ಗಾಳಿ ಮತ್ತು ಸೌರ ವಿದ್ಯುತ್ತಿಗೆ ಬೆಂಬಲ ಕೊಡಲು 2002ರಲ್ಲಿ ಒಂದು ಯೋಜನೆ, 2010ರಲ್ಲಿ ಇನ್ನೊಂದು ಯೋಜನೆ ಬಂದವು. ಎರಡರ ಹಣವೂ ವಿದ್ಯುತ್ ಬಿಲ್ಲಿನ ಮೇಲಿನ ಸುಂಕದಿಂದಲೇ ಬಂತು. ಗ್ಯಾಸಿನ ಬಿಲ್ಲಿಗೆ ಇಂಥ ಭಾರ ತೀರ ಕಡಿಮೆ. ಆ ಸುಂಕ ವ್ಯರ್ಥವಾಗಲಿಲ್ಲ ಎಂಬುದನ್ನು ಒಪ್ಪಲೇಬೇಕು. ಗಾಳಿಯಂತ್ರಗಳು ಎದ್ದವು, 2024ರ ಸೆಪ್ಟೆಂಬರ್ 30ರಂದು ಕೊನೆಯ ಕಲ್ಲಿದ್ದಲು ಸ್ಥಾವರ ರ‍್ಯಾಟ್‌ಕ್ಲಿಫ್ ಬಾಗಿಲು ಮುಚ್ಚಿತು, ಆ ವರ್ಷ ಗ್ರೇಟ್ ಬ್ರಿಟನ್ನಿನ ಒಂದು ಯೂನಿಟ್ ವಿದ್ಯುತ್ತಿಗೆ ಹೊರಬಿದ್ದ ಇಂಗಾಲದ ಡೈಆಕ್ಸೈಡ್ ಸರಾಸರಿ 125 ಗ್ರಾಂ ಆಸುಪಾಸಿಗೆ ಇಳಿಯಿತು. ಗ್ಯಾಸ್ ಬಾಯ್ಲರಿನ ಒಂದು ಯೂನಿಟ್ ಶಾಖಕ್ಕೆ ಸುಮಾರು 200 ಗ್ರಾಂ, ಅದೇ ಹೀಟ್ ಪಂಪಿನ ಒಂದು ಯೂನಿಟ್ ಶಾಖಕ್ಕೆ 45 ಗ್ರಾಂ. ಇಷ್ಟು ಕಷ್ಟಪಟ್ಟು ಶುದ್ಧಮಾಡಿದ ವಿದ್ಯುತ್ತನ್ನೇ, ಶುದ್ಧಮಾಡಿದ ಖರ್ಚನ್ನು ಹೇರಿ, ಜನ ಬಳಸಲು ಹಿಂಜರಿಯುವಷ್ಟು ದುಬಾರಿ ಮಾಡಿಟ್ಟದ್ದು ನನ್ನ ಕಣ್ಣಿಗೆ ಇಡೀ ನೀತಿಯ ಅತಿ ದೊಡ್ಡ ತಪ್ಪು. ಸರ್ಕಾರಕ್ಕೆ ಸಲಹೆ ಕೊಡುವ ಹವಾಮಾನ ಬದಲಾವಣೆ ಸಮಿತಿ ವರ್ಷ ವರ್ಷವೂ ಇದನ್ನೇ ಹೇಳುತ್ತ ಬಂದಿದೆ: ವಿದ್ಯುತ್ತನ್ನು ಅಗ್ಗ ಮಾಡಿ, ಸುಂಕವನ್ನು ಬೇರೆಡೆಗೆ ಸಾಗಿಸಿ.

ಸರ್ಕಾರ ಮಾಡಿದ್ದು ಸಹಾಯಧನದ ಮೇಲೆ ಸಹಾಯಧನ. 2014ರಲ್ಲಿ ಮನೆಗಳಿಗೆ ಬಂದ ಯೋಜನೆ ಏಳು ವರ್ಷಗಳಲ್ಲಿ ಕಂತುಕಂತಾಗಿ ಹಣ ಕೊಡುತ್ತಿತ್ತು, ಮೊದಲು ಪೂರ್ತಿ ಖರ್ಚು ಹಾಕುವ ಶಕ್ತಿ ಇದ್ದವರಿಗೆ ಮಾತ್ರ ಅದು ದಕ್ಕಿತು. 2020ರ ಜುಲೈನಲ್ಲಿ ಆರು ಲಕ್ಷ ಮನೆಗಳಿಗೆಂದು 150 ಕೋಟಿ ಪೌಂಡಿನ ಗ್ರೀನ್ ಹೋಮ್ಸ್ ಗ್ರಾಂಟ್ ಘೋಷಣೆಯಾಗಿ, ಮುಂದಿನ ಮಾರ್ಚಿನಲ್ಲೇ ರದ್ದಾಯಿತು. ಅರ್ಧ ಲಕ್ಷ ಮನೆಗಳನ್ನೂ ಅದು ಮುಟ್ಟುವುದಿಲ್ಲವೆಂದು ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿ ಹೇಳಿತು. 2022ರ ಮೇ ತಿಂಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಬಂದ ಬಾಯ್ಲರ್ ಅಪ್‌ಗ್ರೇಡ್ ಯೋಜನೆ 5,000 ಪೌಂಡ್ ಕೊಟ್ಟಾಗ ಎತ್ತಿಟ್ಟ ಹಣ ಖರ್ಚಾಗದೆ ಉಳಿಯಿತು. 2023ರ ಅಕ್ಟೋಬರಿನಲ್ಲಿ 7,500ಕ್ಕೆ ಏರಿಸಿದ ಮೇಲೆ ಅರ್ಜಿಗಳು ಚುರುಕಾದವು. ಹಣ ಕೊಟ್ಟರೆ ಜನ ಸ್ಪಂದಿಸುತ್ತಾರೆ ಎಂಬುದಕ್ಕೆ ಇದು ಸಾಕ್ಷಿ. ಆದರೂ 2028ರ ಹೊತ್ತಿಗೆ ವರ್ಷಕ್ಕೆ ಆರು ಲಕ್ಷ ಪಂಪು ಎಂದು ಬೋರಿಸ್ ಜಾನ್ಸನ್ ಸರ್ಕಾರ ಇಟ್ಟ ಗುರಿಯ ಮುಂದೆ 2024ರಲ್ಲಿ ಮಾರಾಟವಾದದ್ದು ಸುಮಾರು 98 ಸಾವಿರ. ಇದರ ನಡುವೆ 2023ರ ಸೆಪ್ಟೆಂಬರಿನಲ್ಲಿ ಪ್ರಧಾನಿ ರಿಷಿ ಸುನಕ್ ಹೊಸ ಗ್ಯಾಸ್ ಬಾಯ್ಲರುಗಳನ್ನು ನಿಲ್ಲಿಸುವ ಗಡುವನ್ನು ಸಡಿಲಿಸಿದರು. ಹೀಗೆ ನೀತಿ ವರ್ಷಕ್ಕೊಮ್ಮೆ ಮಗ್ಗಲು ಬದಲಿಸಿದರೆ ಗ್ಯಾಸ್ ಕೆಲಸದಲ್ಲಿ ಪಳಗಿದ ಒಂದು ಲಕ್ಷಕ್ಕೂ ಹೆಚ್ಚು ನೋಂದಾಯಿತ ಕೆಲಸಗಾರರು ಯಾವ ಧೈರ್ಯದ ಮೇಲೆ ಹೊಸ ವಿದ್ಯೆ ಕಲಿಯಬೇಕು? ಕೊನೆಗೆ ಜನರ ಮನೆ ಬಾಗಿಲಿಗೆ ಬಂದು ಇಂಥದ್ದು ಹಾಕಿಸಿ ಎಂದು ಹೇಳುವವರು ಅವರೇ.

ಸಹಾಯಧನದ ಮಿತಿ ಸರಳವಾದದ್ದು. ಅದು ಕೊಳ್ಳುವ ದಿನದ ನೋವನ್ನು ಕಡಿಮೆ ಮಾಡುತ್ತದೆ, ಬಳಸುವ ದಿನಗಳ ನೋವನ್ನು ಮುಟ್ಟುವುದಿಲ್ಲ. ಬೆಂಗಳೂರಿನ ತಾರಸಿಗಳ ಮೇಲೆ ಸೋಲಾರ್ ವಾಟರ್ ಹೀಟರ್ ಸಾಲುಸಾಲಾಗಿ ಕಾಣುವುದಕ್ಕೆ ವಿದ್ಯುತ್ ಸಂಪರ್ಕದ ನಿಯಮವೂ ಬಿಲ್ಲಿನ ರಿಯಾಯಿತಿಯೂ ಕಾರಣವೇ. ಆದರೆ ಒಮ್ಮೆ ಹಾಕಿಸಿದ ಮೇಲೆ ಬಿಸಿಲಿಗೆ ಬಿಲ್ಲು ಬರುವುದಿಲ್ಲ ಎಂಬುದನ್ನು ನೆರೆಮನೆಯವರು ಕಣ್ಣಾರೆ ಕಂಡರು, ಅವರೂ ಹಾಕಿಸಿದರು. ಬ್ರಿಟನ್ನಿನ ಸಾಲುಮನೆಯ ನೆರೆಯವರು ಕಾಣುತ್ತಿರುವುದು ಹತ್ತು ಹನ್ನೆರಡು ಸಾವಿರ ಪೌಂಡಿನ ಯಂತ್ರ ಹಾಕಿಸಿಯೂ ಹೆಚ್ಚು ಬಿಲ್ಲು ಕಟ್ಟುವ ಮನೆಗಳನ್ನು.

ಹಾಗಾದರೆ ಗಟ್ಟಿಯಾಗಿ ಕಾನೂನು ಮಾಡಿ ಗ್ಯಾಸನ್ನು ನಿಷೇಧಿಸಿಬಿಟ್ಟರೆ? ಜರ್ಮನಿ ಆ ದಾರಿ ಹಿಡಿದು ನೋಡಿತು. 2024ರ ಜನವರಿಯಿಂದ ಹಾಕಿಸುವ ಪ್ರತಿ ಹೊಸ ತಾಪನ ವ್ಯವಸ್ಥೆಯೂ ನೂರಕ್ಕೆ 65 ಪಾಲು ನವೀಕರಿಸಬಲ್ಲ ಮೂಲದಿಂದ ನಡೆಯಬೇಕು ಎಂಬ ಕರಡು 2023ರ ಆರಂಭದಲ್ಲಿ ಪತ್ರಿಕೆಗೆ ಸೋರಿತು. ಆಗ ಇನ್ನೂ ಸಹಾಯಧನ ಎಷ್ಟೆಂದು ಗೊತ್ತಿರಲಿಲ್ಲ, ಯಾವ ಊರಿಗೆ ಸಾಮೂಹಿಕ ತಾಪನದ ಕೊಳವೆ ಬರುತ್ತದೆ ಎಂಬ ನಕ್ಷೆ ಇರಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಹಾಗಾಯಿತು. ಸಚಿವ ರಾಬರ್ಟ್ ಹಾಬೆಕ್ ಜನರ ಸಿಟ್ಟಿಗೆ ಗುರಿಯಾದರು; ಜುಲೈನಲ್ಲಿ ಸಾಂವಿಧಾನಿಕ ನ್ಯಾಯಾಲಯ ಆತುರದ ಮತದಾನಕ್ಕೆ ತಡೆ ಹಾಕಿತು; ಸೆಪ್ಟೆಂಬರಿನಲ್ಲಿ ಮೆತ್ತಗಾದ ರೂಪದಲ್ಲಿ ಕಾನೂನು ಪಾಸಾಯಿತು. ಅಷ್ಟರಲ್ಲಿ ಹೆದರಿದ ಜನ ಅಂಗಡಿಗೆ ಮುಗಿಬಿದ್ದು, ಆ ಒಂದೇ ವರ್ಷ ಎಂಟು ಲಕ್ಷದ ಹತ್ತಿರ ಹೊಸ ಗ್ಯಾಸ್ ಬಾಯ್ಲರುಗಳನ್ನು ಕೊಂಡರು. ಹೀಟ್ ಪಂಪಿನ ಮಾರಾಟ 2023ರಲ್ಲಿ 3.56 ಲಕ್ಷ ಇದ್ದದ್ದು 2024ರಲ್ಲಿ 1.93 ಲಕ್ಷಕ್ಕೆ ಕುಸಿಯಿತು. ಖರ್ಚಿನ ನೂರಕ್ಕೆ 70ರವರೆಗೂ ಸಹಾಯಧನ ಸಿಗುತ್ತದೆಂಬ ನಂಬಿಕೆ ಬೇರೂರಿದ ಮೇಲೆ 2025ರ ಮೊದಲ ಆರು ತಿಂಗಳಲ್ಲಿ ಪಂಪು ಮೊದಲ ಬಾರಿಗೆ ಗ್ಯಾಸ್ ಬಾಯ್ಲರನ್ನು ಹಿಂದಿಕ್ಕಿತು. ಹಾಗಾದರೆ ಕಾನೂನು ಗೆದ್ದಿತಲ್ಲ ಎನ್ನಬಹುದು. ಅದರ ರಾಜಕೀಯ ಬೆಲೆಯನ್ನೂ ಎಣಿಸಬೇಕು: ಅದನ್ನು ತಂದ ಸಮ್ಮಿಶ್ರ ಸರ್ಕಾರ ಅಧಿಕಾರ ಕಳೆದುಕೊಂಡಿತು, ನಂತರ ಬಂದವರು ಆ ಕಾನೂನನ್ನೇ ತೆಗೆಯುತ್ತೇವೆಂದು ಒಪ್ಪಂದ ಬರೆದುಕೊಂಡರು.

ಸ್ವೀಡನ್ ಇದೇ ಗುರಿಯನ್ನು ಬೇರೆ ಕ್ರಮದಲ್ಲಿ ಮುಟ್ಟಿತು. ಎಂಬತ್ತರ ದಶಕದಲ್ಲಿ ಅಲ್ಲೂ ಹೀಟ್ ಪಂಪಿಗೆ ಕೆಟ್ಟ ಹೆಸರಿತ್ತು. ಅರೆಬರೆ ಕಲಿತವರು ಹಾಕಿದ ಯಂತ್ರಗಳು ಕೆಡುತ್ತಿದ್ದವು, ಎಣ್ಣೆಯ ಬೆಲೆ ಬಿದ್ದಾಗ ಮಾರುಕಟ್ಟೆಯೇ ಮಲಗಿತು. 1991ರಲ್ಲಿ ಸರ್ಕಾರ ಇಂಗಾಲದ ಮೇಲೆ ತೆರಿಗೆ ಹಾಕಿ, ಅದನ್ನು ಹಂತಹಂತವಾಗಿ, ಎಲ್ಲರಿಗೂ ಮುಂಚೆಯೇ ಗೊತ್ತಿರುವಂತೆ ಏರಿಸುತ್ತ ಹೋಯಿತು. ತೊಂಬತ್ತರ ದಶಕದಲ್ಲಿ ತಯಾರಕರ ನಡುವೆ ಸ್ಪರ್ಧೆ ಏರ್ಪಡಿಸಿ ಅಗ್ಗದ, ಗಟ್ಟಿಯಾದ ಯಂತ್ರ ಬರುವಂತೆ ನೋಡಿಕೊಂಡಿತು. ಎಣ್ಣೆ ಉರಿಸುವುದು ಪ್ರತಿ ವರ್ಷ ದುಬಾರಿಯಾಗುತ್ತದೆ ಎಂದು ಗೊತ್ತಾದ ಮೇಲೆ ಬಿಡಿಮನೆಗಳವರು ತಾವಾಗಿಯೇ ಎಣ್ಣೆಯ ಒಲೆ ಬಿಟ್ಟರು. ನಾರ್ವೆ ಎಣ್ಣೆಯ ತಾಪನವನ್ನು ನಿಷೇಧಿಸಿದ್ದು 2020ರಲ್ಲಿ, ಹೆಚ್ಚಿನ ಜನ ಅದನ್ನು ಆಗಲೇ ಬಿಟ್ಟಿದ್ದ ಮೇಲೆ. ಈ ನಾಡುಗಳಿಗೆ ಜಲವಿದ್ಯುತ್ತಿನ ಭಾಗ್ಯ ಇತ್ತು, ಮನೆಮನೆಗೆ ಹಬ್ಬಿದ ಗ್ಯಾಸ್ ಜಾಲ ಇರಲಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ಆ ಆಕ್ಷೇಪವೂ ನನ್ನ ಮಾತಿಗೇ ಬಲ ಕೊಡುತ್ತದೆ: ಅಲ್ಲಿ ವಿದ್ಯುತ್ ಅಗ್ಗವಿತ್ತು, ಆದ್ದರಿಂದ ಪಂಪು ಗೆದ್ದಿತು. ಬ್ರಿಟನ್ನಿಗೆ ತನ್ನದೇ ಚರಿತ್ರೆಯಲ್ಲೂ ಪಾಠವಿದೆ. ಉತ್ತರ ಸಮುದ್ರದಲ್ಲಿ ನೈಸರ್ಗಿಕ ಅನಿಲ ಸಿಕ್ಕಿದ ಮೇಲೆ 1967ರಿಂದ 1977ರವರೆಗೆ ಹತ್ತು ವರ್ಷಗಳಲ್ಲಿ, ಕಲ್ಲಿದ್ದಲಿನ ಗ್ಯಾಸಿಗೆ ಹೊಂದಿದ್ದ ಸುಮಾರು ನಾಲ್ಕು ಕೋಟಿ ಒಲೆ, ಹೀಟರುಗಳನ್ನು ಬೀದಿಬೀದಿಗೆ ಹೋಗಿ ಹೊಸ ಗ್ಯಾಸಿಗೆ ಒಗ್ಗಿಸಿದರು. ಮನೆಯವರು ಅದಕ್ಕೆ ಹಣ ಕೊಡಬೇಕಿರಲಿಲ್ಲ, ಬಂದ ಹೊಸ ಇಂಧನ ಅಗ್ಗವೂ ಆಗಿತ್ತು. ಅಂದು ಗೋಡೆ ಒಡೆಯುವ ಕೆಲಸ ಕಡಿಮೆ ಇತ್ತು, ಗ್ಯಾಸ್ ಉದ್ಯಮ ಸರ್ಕಾರದ್ದೇ ಆಗಿತ್ತು ಎಂಬ ವ್ಯತ್ಯಾಸ ಇದೆ. ಆದರೂ ಒಂದೊಂದು ಮನೆಯನ್ನೂ ಒಂಟಿಯಾಗಿ ಅಂಗಡಿಗೆ ಕಳಿಸದೆ ಬೀದಿಗೇ ಕೆಲಸಗಾರರ ತಂಡ ಇಳಿಸಿದ ಆ ಪದ್ಧತಿಯನ್ನು ಇಂದಿನವರು ಏಕೆ ಮರೆತರೋ ತಿಳಿಯದು.

ಸುಂಕವನ್ನು ವಿದ್ಯುತ್ತಿನಿಂದ ಇಳಿಸಿದರೆ ಅದು ಎಲ್ಲಿಗೆ ಹೋಗಬೇಕು ಎಂಬುದು ನಿಜವಾದ ಗಂಟು. ಗ್ಯಾಸಿನ ಮೇಲೆ ಹೇರಿದರೆ ಅಂತರ ಬೇಗ ಕುಗ್ಗುತ್ತದೆ. ಆದರೆ ಸೋರುವ ಮನೆಯಲ್ಲಿ, ಹಳೆಯ ಬಾಯ್ಲರಿನಲ್ಲಿ ಚಳಿಗಾಲ ಕಳೆಯುವ ಬಡ ಪಿಂಚಣಿದಾರರ ಮೇಲೆ ಭಾರ ಬೀಳುತ್ತದೆ. ಈ ಆಕ್ಷೇಪವನ್ನು ತಳ್ಳಿಹಾಕುವವರ ಜೊತೆ ನಾನಿಲ್ಲ. ನನಗೆ ಸರಿಯೆನಿಸುವ ಉತ್ತರ ಸಾಮಾನ್ಯ ತೆರಿಗೆ: ಅಲ್ಲಿ ಹೆಚ್ಚು ಗಳಿಸುವವರು ಹೆಚ್ಚು ಕೊಡುತ್ತಾರೆ, ಬಿಲ್ಲಿನಲ್ಲಿ ಹಾಗಿಲ್ಲ. ವಿದ್ಯುತ್ ಅಗ್ಗವಾದರೆ ಹಳೆಯ ಎಲೆಕ್ಟ್ರಿಕ್ ಹೀಟರುಗಳನ್ನೇ ನಂಬಿದ ಫ್ಲ್ಯಾಟುಗಳ ಬಡವರಿಗೂ ನೆಮ್ಮದಿ. ಅವರು ಇಷ್ಟು ಕಾಲ ಈ ಸುಂಕವನ್ನು ಎಲ್ಲರಿಗಿಂತ ಹೆಚ್ಚು ತೆತ್ತವರು. ಬಾಡಿಗೆದಾರರ ಕಷ್ಟ ಇನ್ನೊಂದು ಬಗೆಯದು. ಮೂರರಲ್ಲಿ ಒಂದು ಕುಟುಂಬ ಬಾಡಿಗೆಯಲ್ಲಿದೆ. ಆಸ್ಪತ್ರೆಗಳಿಗೆ, ಐಟಿ ಕೆಲಸಗಳಿಗೆ ಹೋದ ಕನ್ನಡಿಗರೂ ಮೊದಲ ವರ್ಷಗಳಲ್ಲಿ ಹೆಚ್ಚಾಗಿ ಈ ಸಾಲಿನವರೇ. ಯಂತ್ರ ಕೊಳ್ಳುವವನು ಮಾಲೀಕ, ಬಿಲ್ಲು ಕಟ್ಟುವವನು ಬಾಡಿಗೆದಾರ, ಹಾಗಿರುವಾಗ ಬೆಲೆಯ ಮಾತು ಮಾಲೀಕನ ಕಿವಿಗೆ ಬೀಳುವುದಿಲ್ಲ. ಇಲ್ಲಿ ಮಾತ್ರ ಮಾಲೀಕರಿಗೆ ಕಡ್ಡಾಯದ ಮಾನದಂಡ ಬೇಕೇಬೇಕು, ಅಗ್ಗದ ವಿದ್ಯುತ್ತೊಂದೇ ಸಾಲದು. ಉಳ್ಳವರು ಒಬ್ಬೊಬ್ಬರಾಗಿ ಗ್ಯಾಸ್ ಬಿಟ್ಟಂತೆ ಕೊಳವೆ ಜಾಲದ ನಿರ್ವಹಣೆಯ ಖರ್ಚು ಉಳಿದವರ ಮೇಲೆ ಹಂಚಿಕೆಯಾಗುತ್ತದೆ ಎಂಬುದನ್ನೂ ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ, ಕೊನೆಯಲ್ಲಿ ಆ ಜಾಲದ ಭಾರ ಹೊರುವವರು ಈ ಬಾಡಿಗೆದಾರರೇ.

ಉಳಿದ ಆಕ್ಷೇಪಗಳು ಇಷ್ಟು ಬಿಗಿಯಾದವಲ್ಲ. ಎಲ್ಲರೂ ಪಂಪು ಹಾಕಿಸಿದರೆ ವಿದ್ಯುತ್ ಜಾಲ ಕುಸಿಯುತ್ತದೆ ಎನ್ನುವವರು, ಈ ಶತಮಾನದ ಆರಂಭದಲ್ಲಿ ಬ್ರಿಟನ್ನಿನ ಗರಿಷ್ಠ ಬೇಡಿಕೆ ಇಂದಿಗಿಂತ ಹೆಚ್ಚಿತ್ತು ಎಂಬುದನ್ನು ಗಮನಿಸಬೇಕು. ಬೀದಿಯ ಕೇಬಲ್ಲು, ಟ್ರಾನ್ಸ್‌ಫಾರ್ಮರುಗಳಿಗೆ ಹಣ ಬೇಕು, ಅದಕ್ಕೆ ಸಮಯವೂ ಇದೆ. ಗ್ಯಾಸ್ ಕೊಳವೆಯಲ್ಲೇ ಹೈಡ್ರೋಜನ್ ಹರಿಸೋಣ ಎಂದವರ ಎರಡು ಊರಿನ ಪ್ರಯೋಗಗಳು, ವಿಟ್ಬಿಯಲ್ಲೂ ರೆಡ್‌ಕಾರ್‌ನಲ್ಲೂ, 2023ರಲ್ಲೇ ಕೈಬಿಟ್ಟುಹೋದವು. ವಿದ್ಯುತ್ತಿನಿಂದ ಹೈಡ್ರೋಜನ್ ಮಾಡಿ, ಅದನ್ನು ಉರಿಸಿ ಮನೆ ಕಾಯಿಸುವುದಕ್ಕೆ, ಅದೇ ವಿದ್ಯುತ್ತನ್ನು ನೇರ ಪಂಪಿಗೆ ಕೊಡುವುದಕ್ಕಿಂತ ನಾಲ್ಕೈದು ಪಟ್ಟು ವಿದ್ಯುತ್ ಬೇಕು.

2025ರ ನವೆಂಬರಿನ ಬಜೆಟ್ಟಿನಲ್ಲಿ ಹಣಕಾಸು ಸಚಿವೆ ರೇಚಲ್ ರೀವ್ಸ್ ಕೊನೆಗೂ ಸುಂಕದ ಆ ಗಂಟಿಗೆ ಕೈಹಾಕಿದರು. 2002ರ ಯೋಜನೆಯಿಂದ ಮನೆಗಳ ವಿದ್ಯುತ್ ಬಿಲ್ಲಿಗೆ ಬೀಳುತ್ತಿದ್ದ ಸುಂಕದ ನೂರಕ್ಕೆ 75 ಪಾಲನ್ನು 2026ರ ಏಪ್ರಿಲ್‌ನಿಂದ ಸರ್ಕಾರದ ಬೊಕ್ಕಸವೇ ಹೊರುತ್ತದೆ. ಬಡವರ ಮನೆಗಳಿಗೆ ಶಾಖ ತಡೆಯುವ ಹೊದಿಕೆ ಹಾಕಿಸುತ್ತಿದ್ದ ಯೋಜನೆಯೊಂದರ ಸುಂಕವನ್ನು ಅದೇ ಏಟಿಗೆ ನಿಲ್ಲಿಸಿದ್ದು ನನಗೆ ಸರಿಕಾಣುವುದಿಲ್ಲ. ಆದರೂ ವಿದ್ಯುತ್ತಿನ ಮೇಲಿನ ಭಾರ ಇಳಿಸಿದ್ದು ಹತ್ತು ವರ್ಷಗಳ ಸಹಾಯಧನಕ್ಕಿಂತ ಸರಿಯಾದ ಹೆಜ್ಜೆ. ತೊಡಕಿರುವುದು ಅವಧಿಯಲ್ಲಿ. ಬೊಕ್ಕಸ ಹೊರುವ ಮಾತು ಮೂರು ವರ್ಷಕ್ಕೆ ಮಾತ್ರ, 2029ರ ಮಾರ್ಚಿಗೆ ಅದು ಮುಗಿಯುತ್ತದೆ. ಈ ಚಳಿಗಾಲದಲ್ಲಿ ಬಾಯ್ಲರ್ ಕೆಟ್ಟು, ಎರಡು ದಿನದೊಳಗೆ ಗ್ಯಾಸೋ ಪಂಪೋ ಎಂದು ತೀರ್ಮಾನಿಸಬೇಕಾದ ಮನೆಯವರು ಹಾಕಿಸುವ ಯಂತ್ರ 2040ರ ಚಳಿಯನ್ನೂ ಕಾಣುತ್ತದೆ.